ಕೈ ನಿಲ್ಲದವರ ಜೊತೆ

ಬ್ಯಾಂಡಿನಲ್ಲಿ ನುಡಿಸುವಾಗ ನನಗೆ ಕಷ್ಟವಾಗುವುದು ಕೈ ಓಡದವರ ಜೊತೆಗಲ್ಲ, ಕೈ ನಿಲ್ಲದವರ ಜೊತೆಗೆ. ಗಾಯಕಿ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಕೀಬೋರ್ಡಿನಿಂದ ಒಂದು ಓಟ, ಅದರ ಮೇಲೆ ಗಿಟಾರು, ಅದರ ಮೇಲೆ ಡ್ರಮ್ಮಿನ ಉರುಳಿಕೆ. ಮೂವರೂ ಒಳ್ಳೆಯ ವಾದಕರೇ. ಆದರೆ ಆ ಉಸಿರೂ ಹಾಡಿಗೆ ಸೇರಿದ್ದಲ್ಲವೇ?

1962ರ 'ಗ್ರೀನ್ ಆನಿಯನ್ಸ್' ಎಂಬ ವಾದ್ಯಸಂಗೀತವನ್ನು ಕೇಳಿ. ಬೂಕರ್ ಟಿ. ಜೋನ್ಸ್ ಆರ್ಗನ್ ನುಡಿಸುತ್ತಿದ್ದರೆ ಸ್ಟೀವ್ ಕ್ರಾಪರ್ ಗಿಟಾರಿನಲ್ಲಿ ಚುರುಕಾಗಿ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತಾರೆ. ಡ್ರಮ್ಮಿನಲ್ಲಿ ಆಲ್ ಜಾಕ್ಸನ್ ತಾಳ ಹಿಡಿದು ಕೂತವರು ಕದಲುವುದೇ ಇಲ್ಲ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಗಾಯಕ ಓಟಿಸ್ ರೆಡಿಂಗ್ ಅವರ ಹಾಡಿಗೆ ಜೊತೆ ನೀಡಿದ್ದೂ ಇವರೇ. ಆ ದನಿ ಅಷ್ಟು ದೊಡ್ಡದಾಗಿ ಕೇಳುವುದಕ್ಕೆ ಇವರು ಬಿಟ್ಟುಕೊಟ್ಟ ಜಾಗವೂ ಕಾರಣ. ನಮ್ಮಲ್ಲಿ ಪಾಲ್ಘಾಟ್ ಮಣಿ ಅಯ್ಯರ್ ಮೃದಂಗದ ಮೌನವನ್ನೂ ರಸಿಕರು ನೆನೆಯುತ್ತಾರೆ.

ಹೀಗೆ ಜಾಗ ಬಿಡುವುದು ಬರೀ ವಿನಯದ ಮಾತಲ್ಲ, ಶಬ್ದದ ಲೆಕ್ಕವೂ ಹೌದು. ಬೇಸ್ ಗಿಟಾರು, ಕಿಕ್ ಡ್ರಮ್, ಕೀಬೋರ್ಡಿನ ಎಡಗೈ, ಮೂರೂ ಕೆಳಗಿನ ಸ್ವರಗಳಲ್ಲೇ ಕೂತರೆ ಎಲ್ಲ ಕೆಸರು. ತನ್ನದು ಕೇಳುತ್ತಿಲ್ಲವೆಂದು ಒಬ್ಬ ವಾಲ್ಯೂಮ್ ಏರಿಸುತ್ತಾನೆ, ಇನ್ನೊಬ್ಬನೂ ಏರಿಸುತ್ತಾನೆ, ಕೊನೆಗೆ ಗಾಯಕಿ ಕಿರುಚಬೇಕು. ಪಾಪ, ಬೈಸಿಕೊಳ್ಳುವವನು ಮಾತ್ರ ಸೌಂಡಿನವನು.

ಗೆಳೆಯರೇ, ಮುಂದಿನ ಅಭ್ಯಾಸದಲ್ಲಿ ಮೊದಲ ಚರಣವನ್ನು ಬರೀ ಬೇಸ್ ಮತ್ತು ದನಿಗೆ ಬಿಡೋಣ. ಎರಡನೆಯದಕ್ಕೆ ಯಾರು ಬರಬೇಕೆಂದು ಕೇಳಿಸಿಕೊಂಡ ಮೇಲೆ ತೀರ್ಮಾನಿಸೋಣ.