ಉಪಮಾಲೋಲನ ಊರಲ್ಲಿ ನಮ್ಮ ಗಾಜಿನ ಟವರ್

ಕಡೂರು ತಾಲ್ಲೂಕಿನ ದೇವನೂರು ಅಂದ್ರೆ ಲಕ್ಷ್ಮೀಶನ ಊರು. ಜೈಮಿನಿ ಭಾರತ ಬರೆದ ಈ ಕವಿಗೆ ‘ಉಪಮಾಲೋಲ’ ಅನ್ನೋ ಬಿರುದಿದೆ. ಹೈಸ್ಕೂಲಿನಲ್ಲಿ ಉಪಮಾಲಂಕಾರ ಬಿಡಿಸಿ ಬರೆದವರಿಗೆಲ್ಲ ನೆನಪಿರುತ್ತೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಮೊದಲ ಮೂರು ಸುಲಭವಾಗಿ ಸಿಗುತ್ತವೆ. ತಡವರಿಸೋದು ನಾಲ್ಕನೆಯದಕ್ಕೆ.

ಬೆಂಗಳೂರಿನಿಂದ ರೈಲು ಹತ್ತಿ ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಕಡೂರಿನಲ್ಲಿ ಇಳಿದರೆ, ಅಲ್ಲಿಂದ ದೇವನೂರಿಗೆ ರಸ್ತೆ. ಹೋದ ಬೇಸಿಗೆಯ ಒಂದು ಭಾನುವಾರ ಹೋಗಿದ್ದೆ. ಕಟ್ಟಡಗಳ ವಿದ್ಯುತ್ ಖರ್ಚಿನ ಲೆಕ್ಕ ಹಾಕುವ ಎಂಜಿನಿಯರ್ ನಾನು. ಬ್ಯಾಗಿನಲ್ಲಿ ಬೆಂಗಳೂರಿನ ಒಂದು ಆಫೀಸ್ ಟವರ್‌ನ ನಕ್ಷೆ ಇತ್ತು. ಹನ್ನೊಂದು ಮಹಡಿ, ನಾಲ್ಕೂ ಕಡೆ ಗಾಜು. ಅದನ್ನು ‘ಪ್ರಕೃತಿಯಿಂದ ಪ್ರೇರಿತ’ವಾಗಿ ಮರುವಿನ್ಯಾಸ ಮಾಡಬೇಕು ಅನ್ನೋದು ಮಾಲೀಕರ ಆಸೆ. ಮುಂಭಾಗಕ್ಕೆ ಎಲೆ ಆಕಾರದ ಅಲ್ಯೂಮಿನಿಯಂ ಫಲಕ, ಲಾಬಿಯಲ್ಲಿ ಹಸಿರು ಗೋಡೆ.

ಆ ಟವರ್‌ನ ಪಶ್ಚಿಮದ ಸಾಲಿನಲ್ಲಿ ಕೂರುವವರ ಕಥೆ ಬೇರೆ. ಮಧ್ಯಾಹ್ನ ಎರಡಾದರೆ ಪರದೆ ಇಳಿಸಿ, ಹಗಲಲ್ಲೇ ಲೈಟ್ ಹಾಕ್ಕೊಂಡು ಕೆಲಸ. ಒಬ್ಬ ಹುಡುಗಿ ಗಾಜಿಗೆ ರಟ್ಟಿನ ಡಬ್ಬ ಬಿಚ್ಚಿ ಅಂಟಿಸಿದ್ದಳು. ಎ.ಸಿ. ಪೂರ್ತಿ ಓಡಿದರೂ ಅವಳ ಬಲಗೈ ಸುಡುತ್ತಿತ್ತಂತೆ. ಎಲೆ ಫಲಕದಿಂದ ಅವಳಿಗೇನು ಸಿಗುತ್ತೆ?

ದೇವನೂರಿನ ಲಕ್ಷ್ಮೀಕಾಂತ ದೇವಸ್ಥಾನದೊಳಗೆ ಕಾಲಿಟ್ಟಾಗ ಮೊದಲು ತಿಳಿದಿದ್ದು ಅಂಗಾಲಿಗೆ. ಹೊರಗೆ ಚುರುಗುಟ್ಟೋ ನೆಲ, ಒಳಗೆ ತಣ್ಣನೆ ಕಲ್ಲು. ಪವಾಡವೇನಲ್ಲ. ದಪ್ಪ ಕಲ್ಲು ನಿಧಾನಕ್ಕೆ ಬಿಸಿಯಾಗುತ್ತೆ, ನಿಧಾನಕ್ಕೆ ಆರುತ್ತೆ. ನೇರ ಬಿಸಿಲಂತೂ ಒಳಗೆ ಬರೋದೇ ಇಲ್ಲ. ಗಾಜು ಇದಕ್ಕೆ ತದ್ವಿರುದ್ಧ: ಬಿಸಿಲನ್ನು ಕ್ಷಣದಲ್ಲಿ ಒಳಗೆ ಬಿಟ್ಟುಕೊಂಡು, ಬಿಸಿಯನ್ನು ಸುಲಭಕ್ಕೆ ಹೊರಗೆ ಬಿಡಲ್ಲ.

ಊರಾಚೆ ತೆಂಗಿನ ತೋಟದ ಬದುವಿನಲ್ಲಿ ನನ್ನೆತ್ತರದ ಹುತ್ತವೊಂದಿತ್ತು. ಫೋಟೊ ತೆಗೀತಿದ್ದಾಗ ತೋಟದ ಅಜ್ಜ ಬಂದರು.

“ಏನವ್ವಾ, ಹಾಲೆರೆಯೋಕೆ ಬಂದ್ಯಾ? ನಾಗರ ಪಂಚಮಿ ಇನ್ನೂ ದೂರ ಐತಲ್ಲ!”

“ಇಲ್ಲ ಅಜ್ಜಾ, ಇದು ಹೆಂಗೆ ಕಟ್ಟಿದೆ ಅಂತ ನೋಡ್ತಿದ್ದೆ.”

“ಕಟ್ಟೋದೇನು ಬಂತು, ಮಳೆ ಬಿದ್ಮೇಲೆ ಬಂದು ನೋಡು. ಕುಸಿದ ಕಡೆಗೆಲ್ಲ ಹಸಿ ಮಣ್ಣು ಮೆತ್ತಿರ್ತವೆ. ಇದನ್ನ ಬಿಟ್ಟು ಇನ್ನೊಂದು ಕಟ್ಟಾಕೆ ಹೋಗಲ್ಲ.”

ನನ್ನ ಕಸುಬಿನ ಅರ್ಧ ಪಾಠ ಅಲ್ಲೇ ಇತ್ತು. ನಿಂತಿರುವ ಕಟ್ಟಡಕ್ಕೆ ಸಿಮೆಂಟು, ಕಬ್ಬಿಣ, ಅದನ್ನು ಸುಡಲು ಕರಗಿಸಲು ಬಳಸಿದ ಇಂಧನ ಎಲ್ಲ ಆಗಲೇ ಖರ್ಚಾಗಿದೆ. ಕೆಡವಿದರೆ ಅದೆಲ್ಲ ಮಣ್ಣುಪಾಲು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದು. 2010ರ ಸುಮಾರಿಗೆ ಅದನ್ನು ದುರಸ್ತಿ ಮಾಡಿದಾಗ ಅದರ 6,514 ಕಿಟಕಿಗಳ ಗಾಜನ್ನು ಬಿಸಾಡಲಿಲ್ಲ. ಕಟ್ಟಡದೊಳಗೇ ಒಂದು ಕಾರ್ಯಾಗಾರ ಮಾಡಿ, ಅವೇ ಗಾಜುಗಳ ನಡುವೆ ಶಾಖ ತಡೆಯುವ ಪದರ ಸೇರಿಸಿ ಮತ್ತೆ ಕೂರಿಸಿದರು. ಬೇರೆ ಸುಧಾರಣೆಗಳೂ ಸೇರಿ ಇಂಧನ ಬಳಕೆ ಸುಮಾರು ಶೇ 38ರಷ್ಟು ಇಳಿಸುವ ಗುರಿ ಆ ಯೋಜನೆಯದು.

ಪಾಠದ ಇನ್ನರ್ಧ ಹುತ್ತದ ಒಳಗಿದೆ. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ಮುಗಿದ ಈಸ್ಟ್‌ಗೇಟ್ ಸೆಂಟರ್ ‘ಹುತ್ತದಂಥ ಕಟ್ಟಡ’ ಅಂತಲೇ ಪ್ರಸಿದ್ಧ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್. ರಾತ್ರಿಯ ತಂಪು ಗಾಳಿಯನ್ನು ಫ್ಯಾನಿನಿಂದ ಎಳೆದು ಕಾಂಕ್ರೀಟನ್ನು ತಣ್ಣಗಾಗಿಸಿ, ಹಗಲು ಆ ತಂಪನ್ನೇ ಬಳಸುತ್ತಾರೆ. ಮಾಮೂಲಿ ಎ.ಸಿ. ಇಲ್ಲ. ನೋಡೋಕೆ ಅದು ಹುತ್ತದ ಹಾಗಿಲ್ಲವೇ ಇಲ್ಲ! ಆಮೇಲೆ 2015ರಲ್ಲಿ ಎಲ್. ಮಹಾದೇವನ್ ಮತ್ತು ಸಂಗಡಿಗರು ನಮ್ಮ ಕಡೆ ಕಾಣುವಂಥ ಹುತ್ತಗಳನ್ನೇ ಅಳೆದು ಇನ್ನೊಂದು ವಿಷಯ ಹೇಳಿದರು. ಹಗಲು ಹುತ್ತದ ಹೊರಗೋಡೆ ಬೇಗ ಕಾಯುತ್ತೆ, ಅಂಚಿನ ಗಾಳಿ ಮೇಲೇರಿ ನಡುವೆ ಇಳಿಯುತ್ತೆ. ರಾತ್ರಿ ಉಲ್ಟಾ. ಹೀಗೆ ಹಗಲು ರಾತ್ರಿಯ ಶಾಖದ ವ್ಯತ್ಯಾಸದಿಂದಲೇ ಹುತ್ತ ಉಸಿರಾಡುತ್ತೆ. ಇಲ್ಲಿ ಸಮಾನಧರ್ಮ ಆಕಾರ ಅಲ್ಲ, ಕೆಲಸ.

ಬೆಂಗಳೂರಲ್ಲೇ ಉದಾಹರಣೆ ಬೇಕಾದರೆ ದೊಮ್ಮಲೂರಿನ ಟೆರಿ ಕಚೇರಿ ನೋಡಿ. ಸಂಜಯ್ ಮೋಹೆ ಮತ್ತು ತಂಡದ ವಿನ್ಯಾಸ. ದಕ್ಷಿಣಕ್ಕೆ ನಾರುವ ಚರಂಡಿ, ಹಾಗಾಗಿ ಆ ಕಡೆ ಮುಚ್ಚಿದ ಜೋಡಿ ಗೋಡೆ, ಅದಕ್ಕೆ ಕಪ್ಪು ಕಡಪ ಕಲ್ಲು. ಕಲ್ಲು ಬಿಸಿಲಿಗೆ ಕಾದಾಗ ಸಂದಿನ ಗಾಳಿ ಮೇಲೆ ಹೋಗುತ್ತೆ. ಕೋಣೆಗಳ ಬಿಸಿ ಗಾಳಿಯನ್ನೂ ಎಳೆದುಕೊಳ್ಳುತ್ತೆ, ಉತ್ತರದಿಂದ ಹೊಸ ಗಾಳಿ ಬರುತ್ತೆ. ಸುಡುವ ಬಿಸಿಲನ್ನೇ ಫ್ಯಾನ್ ಮಾಡಿಕೊಂಡ ಜಾಣತನ.

ವಾಪಸ್ ಬಂದು ಮೀಟಿಂಗಿನಲ್ಲಿ ಕೇಳಿದ್ದು ಇಷ್ಟೇ: “ಮರದಲ್ಲಿ ಎಲೆ ಏನು ಕೆಲಸ ಮಾಡುತ್ತೆ?” ಯಾರೋ “ನೆರಳು” ಅಂದರು. ನಮ್ಮ ಎಲೆ ಫಲಕಗಳಿದ್ದದ್ದು ಉತ್ತರದ ಮುಂಭಾಗಕ್ಕೆ, ಬಿಸಿಲು ತೀರಾ ಕಡಿಮೆ ಬೀಳುವ ಕಡೆಗೆ. ಅವನ್ನು ಪಶ್ಚಿಮಕ್ಕೆ ತಿರುಗಿಸಿ, ಗಾಜಿನಿಂದ ಎರಡಡಿ ದೂರ ನಿಲ್ಲಿಸೋಣ ಅಂದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗೆ ಬಂದ ಮೇಲೆ ಪರದೆ ಎಳೆದರೆ ಬಿಸಿ ಒಳಗೇ ಉಳಿಯುತ್ತೆ. ಜೊತೆಗೆ ಮೇಲಿನ ಗಾಜುಗಳನ್ನು ರಾತ್ರಿ ತೆರೆಯುವಂತೆ ಮಾಡಿ, ಸೊಳ್ಳೆ ಪರದೆ ಹಾಕಿ, ಕಾಂಕ್ರೀಟ್ ತಣಿಯಲು ಬಿಡಬೇಕು.

ತುಂಬಾ ವಾದ ಆಯ್ತು. ರಸ್ತೆಯಿಂದ ಕಾಣದ ಕಡೆ ಅಂದಕ್ಕೆ ಯಾಕೆ ದುಡ್ಡು ಅನ್ನೋದು ಮಾಲೀಕರ ಪ್ರಶ್ನೆ. ಕೊನೆಗೆ ಪ್ರಯೋಗಕ್ಕೆ ಅಂತ ಏಳನೇ ಮಹಡಿ ಕೊಟ್ಟಿದ್ದಾರೆ. ರಟ್ಟು ಅಂಟಿಸಿದ್ದ ಹುಡುಗಿ ಕೂರೋದು ಅದೇ ಮಹಡಿಯಲ್ಲಿ. ನಮ್ಮ ಉಪಮೆ ಸರಿಯಾಯ್ತಾ ಅಂತ ಮುಂದಿನ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಅವಳೇ ಹೇಳಬೇಕು.