ಅಶೋಕದ ಚಕ್ಕೆ ಮತ್ತು ನಮ್ಮವ್ವನ ರಕ್ತ

ನಿನ್ನೆ ನಮ್ಮ ಆಫೀಸಿನ ಡಿ ಗ್ರೂಪ್ ಅಕ್ಕ ಒಬ್ಬರು ಬ್ಯಾಗಿಂದ ಅಶೋಕಾರಿಷ್ಟದ ಬಾಟಲಿ ತೆಗೆದು ತೋರಿಸಿದ್ರು. "ಮೂರು ತಿಂಗಳಿಂದ ಕುಡೀತಿದೀನಿ ಕಣಮ್ಮ, ಮುಟ್ಟಾದ್ರೆ ರಕ್ತ ನಿಲ್ಲಲ್ಲ. ಗಿಡಮೂಲಿಕೆ ಅಲ್ವಾ, ತೊಂದ್ರೆ ಏನಿಲ್ಲ" ಅಂದ್ರು. ನಂಗೆ ನಮ್ಮವ್ವ ನೆನಪಾದಳು.

ಅವ್ವಂಗೂ ಹತ್ತು ಹನ್ನೆರಡು ದಿನ ಹೋಗ್ತಿತ್ತು. ಅಜ್ಜಿ ಅಶೋಕದ ಚಕ್ಕೆ ಕುದಿಸಿ ಕೊಡೋಳು, ಅವ್ವ ಕುಡಿದು ಕಬ್ಬಿನ ಗದ್ದೆಗೆ ಕೂಲಿಗೆ ಹೋಗೋಳು. ಒಂದಿನ ಗದ್ದೇಲೇ ಬಿದ್ದಳು. ಹಿಮೋಗ್ಲೋಬಿನ್ 5 ಇತ್ತು, ಗರ್ಭಕೋಶದಲ್ಲಿ ಗಡ್ಡೆ ಇತ್ತು. ರಕ್ತ ಹಾಕಿಸಿದ ಮೇಲೆ ಬದುಕಿದಳು.

ನಾನು ಅಜ್ಜೀನ ಬೈಯಲ್ಲ. ಊರೋರ ಹೆರಿಗೆ ಮಾಡಿಸಿ, ಅವರ ಹಿತ್ತಿಲಲ್ಲೇ ಕೂತು ಉಂಡು ಬಂದ ಸೂಲಗಿತ್ತಿ ಅವಳು. ಆಸ್ಪತ್ರೆ ದೂರ ಇದ್ದಾಗ ಅವಳ ಕೈಲಿದ್ದದ್ದು ಆ ಚಕ್ಕೆ ಒಂದೇ.

ಆದರೆ ಬಾಬಾಸಾಹೇಬರ ಮಕ್ಕಳು ನಾವು, ಆಧಾರ ಕೇಳಬೇಕು. ಅಶೋಕದ ಹೆಸರು ಆಯುರ್ವೇದದ ಗ್ರಂಥಗಳಲ್ಲಿದೆ. ಪ್ರಯೋಗಾಲಯದ ಕೆಲಸ, ಸಣ್ಣಪುಟ್ಟ ಅಧ್ಯಯನಗಳೂ ಇವೆ. ಆದರೆ ಅತಿ ರಕ್ತಸ್ರಾವವನ್ನ ನಿಲ್ಲಿಸುತ್ತೆ ಅನ್ನೋಕೆ ಅಷ್ಟು ಸಾಲದು. ಅದೇ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ರಕ್ತ ಕಡಿಮೆ ಮಾಡೋದು ಹೆಂಗಸರ ಮೇಲೆ ಹೋಲಿಸಿ ನೋಡಿ ಸಾಬೀತಾಗಿದೆ. ಇನ್ನೊಂದು ಮಾತು: ನಿಜವಾದ ಅಶೋಕ ಈಗ ಅಪರೂಪ. ರಸ್ತೆ ಬದಿ ಉದ್ದಕ್ಕೆ ಬೆಳೆಯೋ ಕಂಬದ ಅಶೋಕ ಬೇರೇನೇ ಮರ, ಅದರ ಚಕ್ಕೇನೂ ಅಶೋಕ ಅಂತ ಮಾರಾಟ ಆಗುತ್ತೆ.

ಹಾಗಂತ ಆಸ್ಪತ್ರೆಗೆ ಹೋದರೆ ನ್ಯಾಯ ಸಿಗುತ್ತಾ? ಕಲಬುರಗಿ ಕಡೆ ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶವನ್ನೇ ತೆಗೆದು ಕಳಿಸಿದ್ದು ಗೊತ್ತಿರೋದೇ. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯ್ತು. ಒಂದು ಕಡೆ ಬಾಟಲಿ, ಇನ್ನೊಂದು ಕಡೆ ಕತ್ತರಿ. ನಡುವೆ ಸಿಗಬೇಕಾದ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಕಬ್ಬಿಣಾಂಶದ ಮಾತ್ರೆ ನಮ್ಮ ಕೇರಿಗೆ ಬರೋದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ.

ನಾಳೆ ಅರ್ಧ ದಿನ ರಜೆ ಹಾಕಿ ಆ ಅಕ್ಕನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ಗಡ್ಡೇನಾ, ಥೈರಾಯ್ಡಾ, ಕ್ಯಾನ್ಸರಾ, ಮೊದಲು ಗೊತ್ತಾಗಲಿ. ಗರ್ಭಕೋಶ ತೆಗೀಬೇಕು ಅಂದ್ರೆ ಕಾರಣ ಬರೆದುಕೊಡಿ ಅಂತೀವಿ, ಇನ್ನೊಬ್ಬ ಡಾಕ್ಟರ್‌ಗೂ ತೋರಿಸ್ತೀವಿ. ನಿಮ್ಮ ಕೇರೀಲೂ ಸುಮ್ಮನೆ ಸಹಿಸ್ಕೊಂಡಿರೋ ಅವ್ವ, ಅಕ್ಕ ಇರ್ತಾರೆ. ಇವತ್ತೇ ಕೇಳಿ.

ಜೈಭೀಮ್.