ತೋಳ ಮುಟ್ಟದ ಅಂಗಿ

ಕೊಣನೂರಿನಲ್ಲಿ ಹುಟ್ಟಿ ಬೆಳೆದ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ತೋಳವನ್ನು ಕಂಡವಳಲ್ಲ. ತೋಳ ನೋಡಬೇಕಾದರೆ ಕೊಪ್ಪಳದ ಕಡೆಗೆ ಹೋಗಬೇಕು. ಅಲ್ಲಿನ ಬಂಕಾಪುರದಲ್ಲಿ ಅವುಗಳಿಗಾಗಿಯೇ ಒಂದು ವನ್ಯಧಾಮವಿದೆ. ಆದರೂ ತೋಳದ ಬಗ್ಗೆ ನಮಗೆಷ್ಟು ಮಾತು ಗೊತ್ತು! ಶಾಲೆಯಲ್ಲಿ 'ತೋಳ ಬಂತು ತೋಳ' ಕಥೆ, ಬೀದಿಯಲ್ಲಿ 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಎಂಬ ಗಾದೆ, ಮನೆಯಲ್ಲಿ ಅಮ್ಮಿ ಹೇಳುತ್ತಿದ್ದ ಪ್ರವಾದಿ ಯೂಸುಫ್(ಅ)ರ ಕಥೆ.

ಮೈಸೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಅಮೆರಿಕದ ಲೇಖಕಿ ಕ್ಯಾರಲ್ ರಿಫ್ಕಾ ಬ್ರಂಟ್‌ರ ಮೊದಲ ಕಾದಂಬರಿ, 2012ರದ್ದು. ಹೆಸರು 'ಟೆಲ್ ದ ವುಲ್ವ್ಸ್ ಐಯಾಮ್ ಹೋಮ್'. ನಾನು ಮನೆಗೆ ಬಂದಿದ್ದೇನೆಂದು ತೋಳಗಳಿಗೆ ಹೇಳು ಎಂದರ್ಥ. ತಿಳಿಯದ ಕಡೆ ಮಗಳನ್ನು ಕೇಳುತ್ತಾ ಹದಿನೈದು ದಿನದಲ್ಲಿ ಓದಿ ಮುಗಿಸಿದೆ.

ಕಥೆ ನಡೆಯುವುದು 1987ರಲ್ಲಿ, ನ್ಯೂಯಾರ್ಕಿನ ಸಮೀಪ. ಹದಿನಾಲ್ಕರ ಹುಡುಗಿ ಜೂನ್‌ಳ ಸೋದರಮಾವ ಫಿನ್ ಹೆಸರಾಂತ ಚಿತ್ರಕಾರ. ಏಡ್ಸ್‌ನಿಂದ ಸಾಯುವ ಮುನ್ನ ಜೂನ್ ಮತ್ತು ಅವಳ ಅಕ್ಕ ಗ್ರೇಟಾಳ ಚಿತ್ರ ಬರೆಯುತ್ತಾನೆ. ಕಾದಂಬರಿಯ ಹೆಸರೇ ಆ ಚಿತ್ರದ ಹೆಸರು. ಅದರಲ್ಲಿ ತೋಳವನ್ನು ಬರೆದಿಲ್ಲ. ಆದರೆ ಇಬ್ಬರು ಹುಡುಗಿಯರ ನಡುವೆ ಉಳಿದ ಖಾಲಿ ಜಾಗವನ್ನೇ ದಿಟ್ಟಿಸಿದರೆ ತೋಳದ ಆಕಾರ ಕಾಣುತ್ತದೆ! ಹಿಂದೆ ಬಿಟ್ಟಿರಲಾರದಷ್ಟು ಹತ್ತಿರವಿದ್ದ ಅಕ್ಕತಂಗಿಯರು ಈಗ ಮಾತಿಗೆ ಮಾತು ಚುಚ್ಚುವವರು. ಚಿತ್ರ ಬ್ಯಾಂಕಿನ ಭದ್ರತಾ ಕೊಠಡಿ ಸೇರಿದ ಮೇಲೆ ತಾಯಿ ಮತ್ತು ಮಕ್ಕಳು ಒಬ್ಬರಿಗೊಬ್ಬರು ತಿಳಿಯದಂತೆ ಅದಕ್ಕೆ ಬಣ್ಣ ಹಚ್ಚಿ ಬರುತ್ತಾರೆ. ಒಂದೇ ದುಃಖ, ಅತ್ತದ್ದು ಮಾತ್ರ ಬೇರೆಬೇರೆ.

ಆ ತಾಯಿಯ ಪಾಲಿನ ತೋಳ ಫಿನ್‌ನ ಸಂಗಾತಿ ಟೋಬಿ. ಅವನೇ ರೋಗ ತಂದು ಒಡಹುಟ್ಟಿದವನನ್ನು ಕೊಂದನೆಂಬುದು ಆಕೆಯ ತೀರ್ಮಾನ. ಅಂತ್ಯಸಂಸ್ಕಾರಕ್ಕೂ ಅವನನ್ನು ಒಳಗೆ ಬಿಡುವುದಿಲ್ಲ. ಆ ಸಂಬಂಧವನ್ನು ನಾನು ಒಪ್ಪುತ್ತೇನೋ ಇಲ್ಲವೋ, ಅದು ಬೇರೆ ಮಾತು. ಅಳುವವನು ಬಾಗಿಲಾಚೆ ನಿಂತ ಪುಟ ಓದುವಾಗ ನನಗೆ ಕಂಡದ್ದು ನಮ್ಮ ಮಾಮಿ.

ಮಾಮು ಮುಂಬೈಯಲ್ಲಿ ಬೇಕರಿ ಕೆಲಸದಲ್ಲಿದ್ದರು. ರಜೆಗೆ ಬಂದರೆ ನಮ್ಮನ್ನು ರಾಮನಾಥಪುರದ ಹೊಳೆಗೆ ಕರೆದೊಯ್ದು ಮೀನುಗಳಿಗೆ ಕಡಲೆಪುರಿ ಹಾಕಿಸುತ್ತಿದ್ದರು. 1998ರಲ್ಲಿ ಮೂಳೆ ಚರ್ಮವಾಗಿ ಬಂದರು. ಮನೆಯಲ್ಲಿ ಟಿ.ಬಿ. ಎಂದರು. ಅವರ ತಟ್ಟೆ, ಲೋಟ ಬೇರೆಯಾಯಿತು. ಮಕ್ಕಳು ಆ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ನಮ್ಮ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಚೆನ್ನೈಯಲ್ಲಿ ಪತ್ತೆಯಾಗಿ ಆಗಲೇ ಹನ್ನೆರಡು ವರ್ಷವಾಗಿತ್ತು. ಆದರೂ ಮುಟ್ಟಿದರೆ, ಒಂದೇ ಲೋಟದಲ್ಲಿ ಕುಡಿದರೆ ಅದು ಹರಡುವುದಿಲ್ಲವೆಂದು ಹೇಳುವವರು ನಮ್ಮ ಬೀದಿಯಲ್ಲಿ ಇರಲಿಲ್ಲ. ಮಾಮು ತೀರಿಕೊಂಡಾಗ ನನಗೂ ಹದಿನಾಲ್ಕು.

ಮಾಮಿಗೂ ಸೋಂಕಿದೆಯೆಂದು ತಿಳಿದದ್ದೇ ತಡ, ಅವರೇ ತಂದದ್ದೆಂದು ಮನೆಯವರು ನಿರ್ಧರಿಸಿಬಿಟ್ಟರು. ಹಾಸನ ದಾಟಿ ಹೋಗಿರದ ಹೆಂಗಸು! ಗಾದೆಯಂತೆ ಆಳಿಗೊಂದು ಕಲ್ಲು ಬಿತ್ತು. ಇದ್ದತ್ ಮುಗಿಯುವ ತನಕವಾದರೂ ಗಂಡನ ಮನೆಯಲ್ಲಿ ಇರಗೊಡಲಿಲ್ಲ. ಹೊಳೆನರಸೀಪುರದ ತವರಿಗೆ ಕಳುಹಿಸಿದರು.

ಸೂರಃ ಯೂಸುಫ್‌ನಲ್ಲಿ ತೋಳದ ಹೆಸರೆತ್ತಿದವರು ಮೊದಲು ತಂದೆ ಯಾಕೂಬ್(ಅ). ಮಗನನ್ನು ತೋಳ ತಿಂದೀತೆಂಬ ಭಯ ಅವರದ್ದು. ಆ ಭಯವನ್ನೇ ಅಣ್ಣಂದಿರು ಸುಳ್ಳಿಗೆ ಬಳಸಿಕೊಂಡರು, ಅಂಗಿಗೆ ರಕ್ತ ಹಚ್ಚಿ ತಂದರು. ಅಂಗಿ ಎಲ್ಲೂ ಹರಿದಿರಲಿಲ್ಲವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮಗನ ದುಃಖದಲ್ಲಿ ಆ ತಂದೆಯ ಕಣ್ಣುಗಳೇ ಬೆಳ್ಳಗಾದವು. ಆದರೆ ಅವರು ತೋಳವನ್ನು ಶಪಿಸಿದ ಮಾತು ಕುರ್‌ಆನ್‌ನಲ್ಲಿ ಎಲ್ಲೂ ಇಲ್ಲ. ಇಷ್ಟು ಸಲ ಈ ಕಥೆ ಕೇಳಿದ ನಮ್ಮ ಮನೆಯಲ್ಲಿ ಮಾಮಿಯ ಅಂಗಿಯನ್ನು ಯಾರೂ ಬಿಡಿಸಿ ನೋಡಲಿಲ್ಲ.

ಮಾಮಿ ಬದುಕಿದ್ದಾರೆ. 2004ರ ಏಪ್ರಿಲ್‌ನಿಂದ ಸರಕಾರ ಉಚಿತವಾಗಿ ಕೊಡತೊಡಗಿದ ಎ.ಆರ್.ಟಿ. ಮಾತ್ರೆ ಮುಂದೆ ಅವರಿಗೂ ಸಿಕ್ಕಿತು. ಬಟ್ಟೆ ಹೊಲಿಯುತ್ತಾರೆ. ವರ್ಷಕ್ಕೊಮ್ಮೆ ನಾನು ಹೋಗಿ ನೋಡಿ ಬರುತ್ತೇನೆ. ಸೋಂಕಿತರನ್ನು ಅವರು ಬಾಳುವ ಮನೆಯಿಂದ ಹೊರಹಾಕುವಂತಿಲ್ಲವೆಂದು 2017ರಲ್ಲಿ ಕಾನೂನೇ ಬಂತು. ಅದನ್ನು ಹೇಳಿದಾಗ ಮಾಮಿ, "ಈಗ ಯಾವ ಮನೆಗಮ್ಮಾ?" ಎಂದು ನಕ್ಕು ಸೂಜಿಗೆ ದಾರ ಪೋಣಿಸತೊಡಗಿದರು.

ಕಾದಂಬರಿಯ ಕಥೆಯನ್ನು ಅಮ್ಮಿಗೆ ಹೇಳಿದೆ, ಎರಡು ರಾತ್ರಿ ಕೂತು. ಮಾಮಿಯ ಹೆಸರೆತ್ತಲಿಲ್ಲ. ಜೂನ್ ಗುಟ್ಟಾಗಿ ಟೋಬಿಯನ್ನು ಕಂಡು ಬರುವುದು, ಅವನಿಗೂ ಕಾಯಿಲೆ ಬಲಿಯುವುದು, ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡರು.

"ಕೊನೆಗೆ ಆ ತಾಯಿ ಅವನನ್ನು ಒಳಗೆ ಬಿಟ್ಟಳಾ?"

"ಬಿಟ್ಟಳು ಅಮ್ಮಿ. ಅವನು ಸತ್ತದ್ದು ಅವಳ ಮನೆಯಲ್ಲೇ."

ಅಮ್ಮಿ ಬಹಳ ಹೊತ್ತು ಮಾತಾಡಲಿಲ್ಲ. ಮಲಗಿದರೆಂದು ದೀಪ ಆರಿಸಲು ಎದ್ದಾಗ ಕೇಳಿದರು: "ಅವಳಿಗೆ ಈಗ ಎಷ್ಟು ವಯಸ್ಸಾಗಿರಬಹುದು?"

ಯಾರಿಗೆ ಎಂದು ನಾನು ಕೇಳಲಿಲ್ಲ. "ಐವತ್ತೈದು" ಎಂದೆ.